ಮ್ಯಾಡ್ರಿಡ್‌ನಲ್ಲಿ ಓದ್ತಿರೋರಿಗೆ ಟೊಲೆಡೋ ವೀಕೆಂಡ್: ಶನಿವಾರ ಬೆಳಗ್ಗೆಯಿಂದ ಭಾನುವಾರ ಸಂಜೆವರೆಗೆ ಹೆಜ್ಜೆ ಹೆಜ್ಜೆಯಾಗಿ

ಮ್ಯಾಡ್ರಿಡ್‌ಗೆ ಮಾಸ್ಟರ್ಸ್ ಮಾಡೋಕೆ, ಸೆಮಿಸ್ಟರ್ ಎಕ್ಸ್‌ಚೇಂಜ್‌ಗೆ ಅಂತ ಬರೋ ನಮ್ಮ ಹುಡುಗ ಹುಡುಗೀರು ಪದೇ ಪದೇ ಕೇಳೋದು ಇದನ್ನೇ. ಟೊಲೆಡೋ ಒಂದಿನದಲ್ಲಿ ಮುಗಿಯತ್ತಾ, ಎಷ್ಟು ಖರ್ಚಾಗತ್ತೆ, ಎಲ್ಲಿಂದ ಶುರು ಮಾಡೋದು, ವೆಜ್ ಊಟ ಸಿಗತ್ತಾ. ಎಲ್ಲದಕ್ಕೂ ಸೇರಿಸಿ ಒಂದೇ ಕಡೆ ಬರೀತಿದೀನಿ.

ಮೊದಲು ನನ್ನ ಅಭಿಪ್ರಾಯ ಹೇಳಿಬಿಡ್ತೀನಿ, ಯಾಕಂದ್ರೆ ಮುಂದಿನ ಪ್ಲಾನೆಲ್ಲಾ ಅದರ ಮೇಲೇ ನಿಂತಿರೋದು. ಟೊಲೆಡೋನ ಬೆಳಗ್ಗೆ ಹೋಗಿ ಸಂಜೆ ಬರೋ ಊರು ಅಂದ್ಕೋಬೇಡಿ, ಒಂದು ರಾತ್ರಿ ಅಲ್ಲೇ ಉಳ್ಕೊಳ್ಳಿ. ಮ್ಯಾಡ್ರಿಡ್‌ಗೆ ಅರ್ಧ ಗಂಟೆ ದಾರಿ ಅಂತ ಎಲ್ಲರೂ ಹಗಲು ಬಂದು ಹೋಗ್ತಾರೆ, ಮಧ್ಯಾಹ್ನ ಆ ಸಂದಿಗಳಲ್ಲಿ ಕಾಲಿಡೋಕೂ ಜಾಗ ಇರಲ್ಲ, ಅದೇ ರಾತ್ರಿ ಹತ್ತು ಗಂಟೆಗೆ ಅದೇ ಬೀದೀಲಿ ನೀವೊಬ್ಬರೇ ನಡೀತಿರ್ತೀರ. ಇನ್ನೊಂದು ಕಾರಣ ದುಡ್ಡು. ಸರ್ಕಾರಿ ಮ್ಯೂಸಿಯಂಗಳು ಶನಿವಾರ ಮಧ್ಯಾಹ್ನ 2ರ ಮೇಲೆ ಮತ್ತೆ ಭಾನುವಾರ ಫ್ರೀ, ಅಂದ್ರೆ ಶನಿವಾರ ಹೋಗಿ ಭಾನುವಾರ ಬರೋ ಸ್ಟೂಡೆಂಟ್‌ಗೆ ಹೇಳಿ ಮಾಡಿಸಿದ ಟೈಮಿಂಗ್.

ಹೊರಡೋ ಮುಂಚೆ ಏನೇನು ಬೇಕು

ಒರಿಜಿನಲ್ ಪಾಸ್‌ಪೋರ್ಟ್ ಇಲ್ಲಾ ಟಿಐಇ ಕಾರ್ಡ್ (ವಿದೇಶಿಯರಿಗೆ ಸ್ಪೇನ್ ಪೊಲೀಸರು ಕೊಡೋ ಗುರುತಿನ ಚೀಟಿ) ಇಟ್ಕೊಳ್ಳಿ. ಹಾಸ್ಟೆಲ್‌ನೋರು ಉಳಿಯೋರ ವಿವರ ಬರ್ಕೊಳ್ಳಲೇಬೇಕು ಅಂತ ಇಲ್ಲಿ ಕಾನೂನಿದೆ, ಫೋನಲ್ಲಿರೋ ಫೋಟೋ ತೋರಿಸಿದ್ರೆ ಒಪ್ಪೋ ಗ್ಯಾರಂಟಿ ಇಲ್ಲ. ಯೂನಿವರ್ಸಿಟಿ ಐಡಿ ಕಾರ್ಡನ್ನೂ ಮರೀಬೇಡಿ, 18ರಿಂದ 25 ವಯಸ್ಸಿನ ಸ್ಟೂಡೆಂಟ್ಸ್‌ಗೆ ಸರ್ಕಾರಿ ಮ್ಯೂಸಿಯಂಗಳು ಯಾವ ದಿನವಾದ್ರೂ ಫ್ರೀ ಬಿಡ್ತವೆ, ಆದ್ರೆ ಕಾರ್ಡ್ ತೋರಿಸ್ಬೇಕು.

ಶೂ ಮುಖ್ಯ. ಊರೆಲ್ಲಾ ಗುಂಡುಕಲ್ಲು ಹಾಸಿರೋ ಏರು ಇಳಿಜಾರು, ಮಳೆ ಬಂದ್ರೆ ಜಾರತ್ತೆ. ಟ್ರಾಲಿ ಸೂಟ್‌ಕೇಸ್ ಬೇಡ, ಬ್ಯಾಕ್‌ಪ್ಯಾಕ್ ಸಾಕು. ಬೇಸಿಗೆಗೆ ಹೋಗೋರಾದ್ರೆ ಜುಲೈ ಆಗಸ್ಟ್‌ನಲ್ಲಿ ಬಿಸಿಲು 38, 40 ಡಿಗ್ರಿ ಮುಟ್ಟೋದು ಮಾಮೂಲು, ನೀರಿನ ಬಾಟಲಿ, ಟೋಪಿ ಇಲ್ದೆ ಹೊರಡಬೇಡಿ. ಡಿಸೆಂಬರ್ ಜನವರಿ ರಾತ್ರಿ ಸೊನ್ನೆ ಹತ್ರ ಹೋಗತ್ತೆ, ದಪ್ಪ ಜಾಕೆಟ್ ಬೇಕು. ಊರಿನ ಮ್ಯಾಪ್ ಆಫ್‌ಲೈನ್ ಡೌನ್‌ಲೋಡ್ ಮಾಡ್ಕೊಳ್ಳಿ, ಕಾರಣ ಕೆಳಗೆ ಹೇಳ್ತೀನಿ.

1. ಟಿಕೆಟ್: ಟ್ರೈನಾ ಬಸ್ಸಾ

ಟ್ರೈನ್ ಅಂದ್ರೆ ಅತೋಚಾ ಸ್ಟೇಷನ್‌ನಿಂದ ಹೋಗೋ ಆವಾಂತ್. ಇದು ರೆನ್ಫೆ (ಸ್ಪೇನ್‌ನ ರೈಲ್ವೆ ಕಂಪನಿ) ಓಡಿಸೋ, ಹತ್ತಿರದ ಊರುಗಳಿಗೆ ಹೋಗೋ ಹೈಸ್ಪೀಡ್ ಟ್ರೈನ್. ಟೊಲೆಡೋಗೆ ಸುಮಾರು 33 ನಿಮಿಷ. ಒಂದು ಕಡೆಗೆ 14 ಯೂರೋ ಆಸುಪಾಸು, ಹೋಗಿಬರೋ ಟಿಕೆಟ್ ಒಟ್ಟಿಗೆ ತಗೊಂಡ್ರೆ ಕಮ್ಮಿ ಆಗತ್ತೆ. ಇಲ್ಲಿ ಎಲ್ಲರೂ ಎಡವೋದು ಎಲ್ಲಿ ಅಂದ್ರೆ, ಮೆಟ್ರೋ ಥರ ಹೋಗಿ ಹತ್ತಬೋದು ಅಂದ್ಕೊಳ್ತಾರೆ. ಹಾಗಾಗಲ್ಲ, ಪ್ರತಿ ಟಿಕೆಟ್‌ಗೂ ಸೀಟ್ ನಂಬರ್ ಇರತ್ತೆ, ಶನಿವಾರ ಬೆಳಗಿನ ಟ್ರೈನು, ಭಾನುವಾರ ಸಂಜೆ ಟ್ರೈನು ಬೇಗ ಫುಲ್ ಆಗ್ತವೆ. ಆವಾಂತ್ ದರ ಫ್ಲೈಟ್ ಟಿಕೆಟ್ ಥರ ದಿನಾ ಏರಿಳಿಯಲ್ಲ, ಹಾಗಾಗಿ ಆಫರ್ ಬರ್ಲಿ ಅಂತ ಕಾಯೋದ್ರಲ್ಲಿ ಅರ್ಥ ಇಲ್ಲ, ಡೇಟ್ ಫಿಕ್ಸ್ ಆದ ತಕ್ಷಣ ಬುಕ್ ಮಾಡಿ. ಅತೋಚಾದಲ್ಲಿ ಬ್ಯಾಗ್ ಸ್ಕ್ಯಾನ್ ಇದೆ, ಸ್ಟೇಷನ್ನೂ ದೊಡ್ಡದು, ಅರ್ಧ ಗಂಟೆ ಮುಂಚೆ ಅಲ್ಲಿರಿ.

ಬಸ್ ಅಗ್ಗ. ಪ್ಲಾಸಾ ಎಲಿಪ್ತಿಕಾ ಅನ್ನೋ ಬಸ್ ಸ್ಟ್ಯಾಂಡಿಂದ ಹೊರಡತ್ತೆ, ಮೆಟ್ರೋ 6 ಮತ್ತೆ 11ನೇ ಲೈನು ಅಲ್ಲಿಗೇ ಹೋಗ್ತವೆ. ಟ್ರೈನಿನ ಅರ್ಧ ದುಡ್ಡಿಗಿಂತ ಕಮ್ಮೀಲಿ ಆಗತ್ತೆ. ಆದ್ರೆ ಇದರಲ್ಲಿ ಎರಡು ಥರ ಇದೆ, ಡೈರೆಕ್ಟ್ ಬಸ್ ಒಂದು ಗಂಟೆ, ಹಳ್ಳಿಹಳ್ಳೀಲಿ ನಿಲ್ಲಿಸ್ಕೊಂಡು ಹೋಗೋದು ಒಂದೂವರೆ ಗಂಟೆ. ಹತ್ತೋ ಮುಂಚೆ "ದಿರೆಕ್ತೊ?" ಅಂತ ಕೇಳಿ. 26 ವಯಸ್ಸಿನೊಳಗಿನವರಿಗೆ ಸಿಗೋ ಅಬೋನೊ ಹೋವೆನ್ (ಮ್ಯಾಡ್ರಿಡ್‌ನ ತಿಂಗಳ ಪಾಸ್) ನಿಮ್ಮ ಹತ್ರ ಇದ್ರೆ, ನಿಮ್ಮ ಪಾಸ್ ಆ ಬಸ್ಸಿಗೆ ನಡೆಯತ್ತಾ ಅಂತ ಟಿಕೆಟ್ ತಗೊಳ್ಳೋ ಮೊದಲು ಕೌಂಟರ್‌ನಲ್ಲಿ ವಿಚಾರಿಸಿ.

ದುಡ್ಡು ಟೈಟ್ ಇದ್ರೆ ಎರಡೂ ಕಡೆ ಬಸ್. ಇಲ್ಲಾಂದ್ರೆ ಹೋಗೋವಾಗ ಬಸ್, ಬರೋವಾಗ ಟ್ರೈನ್ ಮಾಡಿ, ಟೊಲೆಡೋ ಸ್ಟೇಷನ್ ಕಟ್ಟಡಾನೇ ನೋಡೋ ಹಾಗಿದೆ.

2. ಉಳಿಯೋ ಜಾಗ

ಹಳೇ ಊರಿನ ಒಳಗೇ ಬುಕ್ ಮಾಡಿ. ಹೊರಗಿನ ಹೊಸ ಬಡಾವಣೇಲಿ ಹತ್ತು ಯೂರೋ ಉಳಿಯತ್ತೆ ಅಂತ ಹೋದ್ರೆ ರಾತ್ರಿ ಗುಡ್ಡ ಇಳಿದು, ಬೆಳಗ್ಗೆ ಮತ್ತೆ ಹತ್ತಬೇಕು, ರಾತ್ರಿ ಉಳಿಯೋ ಉದ್ದೇಶಾನೇ ಹೋಗತ್ತೆ. ಹಾಸ್ಟೆಲ್ ಡಾರ್ಮ್ ಬೆಡ್ ಸಾಮಾನ್ಯವಾಗಿ 20-30 ಯೂರೋಗೆ ಸಿಗತ್ತೆ. ಒಂದು ವಾರ ಮಾತ್ರ ತಪ್ಪಿಸಿ, ಮೇ ಕೊನೆ ಅಥವಾ ಜೂನ್‌ನಲ್ಲಿ ಬರೋ ಕೊರ್ಪುಸ್ ಕ್ರಿಸ್ತಿ ಹಬ್ಬ. ಬೀದಿಗಳ ಮೇಲೆಲ್ಲಾ ಬಟ್ಟೆ ಚಪ್ಪರ ಕಟ್ಟಿ ದೊಡ್ಡ ಮೆರವಣಿಗೆ ಮಾಡ್ತಾರೆ, ನೋಡೋಕೆ ಭಾರಿ ಚೆನ್ನಾಗಿರತ್ತೆ ಆದ್ರೆ ರೂಮ್ ಸಿಗಲ್ಲ. ಹಬ್ಬಾನೇ ನೋಡ್ಬೇಕು ಅಂದ್ರೆ ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡಿ.

3. ಸ್ಟೇಷನ್‌ನಿಂದ ಮೇಲೆ ಹತ್ತೋದು

ಟೊಲೆಡೋ ಒಂದು ಬಂಡೆ ಗುಡ್ಡದ ಮೇಲಿದೆ, ಮೂರು ಕಡೆ ತಾಹೋ ನದಿ ಸುತ್ತುವರಿದಿದೆ. ಅದಕ್ಕೇ ರೋಮನ್ನರು, ವಿಸಿಗೋಥ್‌ಗಳು, ಅರಬ್ಬರು, ಕ್ರಿಶ್ಚಿಯನ್ ರಾಜರು ಎಲ್ಲರೂ ಇಲ್ಲೇ ಕೂತಿದ್ದು. ಅದಕ್ಕೇ ನಿಮ್ಮ ಕಾಲು ನೋಯೋದೂ.

ಟ್ರೈನ್ ಸ್ಟೇಷನ್‌ನಿಂದ ಹೊರಗೆ ಬಂದ ತಕ್ಷಣ ಟೂರಿಸ್ಟ್ ಬಸ್ ಟಿಕೆಟ್ ಮಾರೋರು ಕಾಣ್ತಾರೆ. ಬೇಕಾದ್ರೆ ತಗೊಳ್ಳಿ, ಆದ್ರೆ ಮೇಲೆ ಹೋಗೋಕೆ ಅದೊಂದೇ ದಾರಿ ಅಂದ್ಕೋಬೇಡಿ. ಹಳೇ ಊರಿನ ಮುಖ್ಯ ಚೌಕ ಸೊಕೊದೊವೆರ್‌ಗೆ ಹೋಗೋ ಮಾಮೂಲಿ ಸಿಟಿ ಬಸ್ ಅದಕ್ಕಿಂತ ಎಷ್ಟೋ ಅಗ್ಗ. ನನ್ನ ಕೇಳಿದ್ರೆ ನಡೀರಿ, 20-25 ನಿಮಿಷ ಅಷ್ಟೇ, ಅಲ್ಕಾಂತರಾ ಅನ್ನೋ ಹಳೇ ಕಲ್ಲಿನ ಸೇತುವೆ ಮೇಲೆ ನದಿ ದಾಟಿದ್ರೆ ಊರಿನ ಮೊದಲ ನೋಟ ಅಲ್ಲೇ ಸಿಕ್ಕಿಬಿಡತ್ತೆ. ಪಕ್ಕದಲ್ಲಿ ವಾಹನಗಳು ಓಡಾಡೋ ಇನ್ನೊಂದು ಸೇತುವೆ ಹೆಸರು ಅಸಾರ್ಕಿಯೆಲ್. ಅದು 11ನೇ ಶತಮಾನದಲ್ಲಿ ಇಲ್ಲಿದ್ದ ಖಗೋಳ ವಿಜ್ಞಾನಿ ಅಲ್-ಝರ್ಕಾಲಿ ಹೆಸರು, ಟೊಲೆಡೋ ಕೋಷ್ಟಕಗಳು ಅಂತ ಗ್ರಹಗತಿ ಲೆಕ್ಕದ ಪಟ್ಟಿ ಮಾಡಿದ ಗುಂಪಿನವನು. ಆ ಪಟ್ಟಿಗಳಲ್ಲಿ ಬಾಗ್ದಾದ್‌ನಲ್ಲಿದ್ದ ಗಣಿತಜ್ಞ ಅಲ್-ಖ್ವಾರಿಜ್ಮಿಯ ಲೆಕ್ಕಗಳೂ ಸೇರ್ಕೊಂಡಿವೆ, ಅವನ ಲೆಕ್ಕಕ್ಕೆ ಮೂಲ ನಮ್ಮ ಬ್ರಹ್ಮಗುಪ್ತನ ಸಿದ್ಧಾಂತ. ಬಾಗ್ದಾದ್ ಸುತ್ಕೊಂಡು ಇಲ್ಲಿವರೆಗೆ ಬಂದಿದೆ ನೋಡಿ.

ಬಸ್ಸಲ್ಲಿ ಬಂದ್ರೆ ಬಸ್ ಸ್ಟ್ಯಾಂಡ್ ಹತ್ರಾನೇ ಸಫೋಂತ್ ಅನ್ನೋ ಜಾಗದಲ್ಲಿ ಗುಡ್ಡಕ್ಕೆ ಹತ್ತೋ ಎಸ್ಕಲೇಟರ್ ಇದೆ, ಫ್ರೀ. ಬಿಸಾಗ್ರಾ ಅನ್ನೋ ಹಳೇ ಊರ ಬಾಗಿಲ ಹತ್ರಾನೂ ಇನ್ನೊಂದಿದೆ. ರಾತ್ರಿ ಎರಡನ್ನೂ ನಿಲ್ಲಿಸ್ತಾರೆ, ಬೋರ್ಡಲ್ಲಿ ಟೈಮ್ ನೋಡಿಟ್ಕೊಳ್ಳಿ.

ಮೇಲೆ ಹೋದ ಮೇಲೆ ಹಾಸ್ಟೆಲ್‌ನಲ್ಲಿ ಬ್ಯಾಗ್ ಇಟ್ಬಿಡಿ, ಚೆಕ್-ಇನ್ ಟೈಮ್ ಆಗಿಲ್ಲ ಅಂದ್ರೂ ಸಾಮಾನ್ಯವಾಗಿ ರಿಸೆಪ್ಷನ್‌ನಲ್ಲಿ ಇಟ್ಕೊಳ್ತಾರೆ. ಇನ್ನು ಮ್ಯಾಪ್ ವಿಷ್ಯ. ಸಂದಿಗಳು ಎಷ್ಟು ಕಿರಿದು ಅಂದ್ರೆ ಜಿಪಿಎಸ್ ಚುಕ್ಕೆ ಪಕ್ಕದ ಬೀದಿಗೆ ಹಾರತ್ತೆ, ನೆಟ್‌ವರ್ಕೂ ಹೋಗಿ ಬಂದು ಮಾಡತ್ತೆ, ಅದಕ್ಕೇ ಆಫ್‌ಲೈನ್ ಮ್ಯಾಪ್ ಅಂದಿದ್ದು. ಕ್ಯಾಥೆಡ್ರಲ್ ಗೋಪುರ ಮತ್ತೆ ಅಲ್ಕಾಸರ್ ಕೋಟೆ ಯಾವ ಕಡೆ ಇದೆ ಅಂತ ಮನಸ್ಸಲ್ಲಿ ಇಟ್ಕೊಂಡ್ರೆ ಕಳೆದುಹೋಗಲ್ಲ.

4. ಟಿಕೆಟ್ ಲೆಕ್ಕ: ಪುಲ್ಸೇರಾ ತಗೋಬೇಕಾ

ಪುಲ್ಸೇರಾ ತುರಿಸ್ತಿಕಾ ಅಂದ್ರೆ ಕೈಗೆ ಕಟ್ಟೋ ಪಟ್ಟಿ, ಅದೊಂದಿದ್ರೆ ಏಳು ಜಾಗಕ್ಕೆ ಒಂದೊಂದು ಸಲ ಹೋಗ್ಬೋದು. ಸಾಂತೊ ತೊಮೆ, ಸಾಂತಾ ಮರಿಯಾ ಲಾ ಬ್ಲಾಂಕಾ, ಸಾನ್ ಹುವಾನ್ ದೆ ಲೋಸ್ ರೆಯೆಸ್, ಕ್ರಿಸ್ತೊ ದೆ ಲಾ ಲುಸ್, ಜೆಸುಯಿಟರ ಚರ್ಚ್, ಎಲ್ ಸಾಲ್ವದೋರ್, ದೊನ್ಸೆಯಾಸ್ ನೋಬ್ಲೆಸ್ ಕಾಲೇಜು. ಬೆಲೆ ಆಗಾಗ ಏರತ್ತೆ, 10ರಿಂದ 15 ಯೂರೋ ಒಳಗೆ ಅಂತ ಇಟ್ಕೊಳ್ಳಿ. ಬಿಡಿಯಾಗಿ ತಗೊಂಡ್ರೆ ಒಂದಕ್ಕೆ ಸುಮಾರು 4 ಯೂರೋ, ಹಾಗಾಗಿ ನಾಲ್ಕು ನೋಡೋರಾದ್ರೆ ಲಾಭ, ಎರಡೇ ಸಾಕು ಅನ್ನೋರು ಬಿಡಿಯಾಗೇ ತಗೊಳ್ಳಿ. ಈ ಪಟ್ಟಿ ರಾತ್ರಿ ಸ್ನಾನಕ್ಕೆ ಅಂತ ಬಿಚ್ಚಿದ್ರೆ ಮುಗೀತು, ಮತ್ತೆ ನಡೆಯಲ್ಲ, ಎರಡೂ ದಿನ ಕೈಯಲ್ಲೇ ಇರ್ಲಿ.

ಗಮನಿಸಿ, ಕ್ಯಾಥೆಡ್ರಲ್ ಇದರಲ್ಲಿ ಸೇರಿಲ್ಲ. ಅದಕ್ಕೆ ಬೇರೆ ಟಿಕೆಟ್, ಸುಮಾರು 12 ಯೂರೋ. ಸರ್ಕಾರಿ ಮ್ಯೂಸಿಯಂಗಳೂ ಇದರಲ್ಲಿಲ್ಲ, ಆದ್ರೆ ಅವು ನಿಮಗೆ ಹೇಗೂ ಫ್ರೀ.

5. ಶನಿವಾರ ಮಧ್ಯಾಹ್ನದ ಊಟಕ್ಕೆ ಮುಂಚೆ ಕ್ಯಾಥೆಡ್ರಲ್

ಕ್ಯಾಥೆಡ್ರಲ್ ಶನಿವಾರವೇ ಯಾಕೆ ಅಂದ್ರೆ, ಭಾನುವಾರ ಬೆಳಗ್ಗೆ ಪ್ರಾರ್ಥನೆ ಇರತ್ತೆ, ಟೂರಿಸ್ಟ್‌ಗಳನ್ನ ಮಧ್ಯಾಹ್ನ 2ರ ಮೇಲೇ ಬಿಡೋದು. ಭಾನುವಾರ ಬೆಳಗ್ಗೆ ಹೋಗಿ ಬಾಗಿಲಲ್ಲಿ ನಿಂತು ವಾಪಸ್ ಬರೋರು ತುಂಬಾ ಜನ.

1226ರಲ್ಲಿ ಕಟ್ಟೋಕೆ ಶುರು ಮಾಡಿದ್ದು, 1493ರಲ್ಲಿ ಮುಗೀತು. ಅದಕ್ಕೂ ಮುಂಚೆ ಅಲ್ಲಿ ಊರಿನ ದೊಡ್ಡ ಮಸೀದಿ ಇತ್ತು. ಒಳಗೆ ಎರಡು ಗಂಟೆ ಇಟ್ಕೊಳ್ಳಿ, ಎಲ್ಲಾ ಚಾಪೆಲ್ ನೋಡೋಕೆ ಹೋಗಿ ಸುಸ್ತಾಗಬೇಡಿ, ನಾಲ್ಕು ಜಾಗ ನಿಧಾನವಾಗಿ ನೋಡಿ. ಒಂದು, ದೊಡ್ಡ ಆಲ್ಟರ್ ಹಿಂಭಾಗದಲ್ಲಿರೋ ಎಲ್ ತ್ರಾನ್ಸ್‌ಪರೆಂತೆ. ಕತ್ತಲೆ ಚರ್ಚೊಳಗೆ ಬೆಳಕು ಬರ್ಲಿ ಅಂತ 18ನೇ ಶತಮಾನದಲ್ಲಿ ನರ್ಸಿಸೊ ತೊಮೆ ಅನ್ನೋ ಶಿಲ್ಪಿ ಛಾವಣೀನೇ ತೂತು ಮಾಡಿ ಅದರ ಸುತ್ತ ದೇವದೂತರನ್ನ ಕೂರಿಸಿದಾನೆ, ಬಿಸಿಲಿದ್ದಾಗ ನೋಡ್ಬೇಕು, ಇದೂ ಮಧ್ಯಾಹ್ನಕ್ಕೆ ಮುಂಚೆ ಹೋಗಿ ಅನ್ನೋಕೆ ಒಂದು ಕಾರಣ. ಎರಡು, ಸಾಕ್ರಿಸ್ಟಿ ಅಂದ್ರೆ ಪೂಜಾರಿಗಳು ಬಟ್ಟೆ ಬದಲಿಸೋ ಕೋಣೆ, ಅಲ್ಲಿ ಈ ಊರಲ್ಲೇ ಬಾಳಿದ 16ನೇ ಶತಮಾನದ ಚಿತ್ರಕಾರ ಎಲ್ ಗ್ರೆಕೋ ಬರೆದ ಏಸುವಿನ ಚಿತ್ರ ಇದೆ, ಆ ಕೆಂಪು ಬಟ್ಟೆ ಕಣ್ಣಲ್ಲೇ ಉಳಿಯತ್ತೆ. ಮೂರು, ಎನ್ರಿಕೆ ದೆ ಅರ್ಫೆ ಮಾಡಿದ ಬೆಳ್ಳಿ ಬಂಗಾರದ ಕುಸ್ತೋದಿಯಾ (ಪೂಜೆಯ ಪವಿತ್ರ ರೊಟ್ಟಿ ಇಟ್ಟು ತೋರಿಸೋ ಮಂಟಪ), ಕೊರ್ಪುಸ್ ಕ್ರಿಸ್ತಿ ಮೆರವಣಿಗೇಲಿ ಹೊರಡೋದು ಇದೇ. ನಾಲ್ಕು, ಮೊಸರಾಬಿಕ್ ಚಾಪೆಲ್. ಅರಬ್ಬರ ಆಳ್ವಿಕೇಲಿ ಬದುಕಿದ ಕ್ರಿಶ್ಚಿಯನ್ನರಿಗೆ ಮೊಸರಾಬ್ ಅಂತ ಹೆಸರು, ಅವರ ಪ್ರಾರ್ಥನಾ ಪದ್ಧತಿ ಇವತ್ತಿಗೂ ಇಲ್ಲಿ ನಡೀತಿದೆ.

ಟಿಕೆಟ್ ಆನ್‌ಲೈನ್ ಇಲ್ಲಾ ಬಾಗಿಲ ಎದುರಿನ ಅಂಗಡೀಲಿ ಕೊಡ್ತಾರೆ, ಆಡಿಯೋ ಗೈಡ್ ಅದರಲ್ಲೇ ಬರತ್ತೆ, ಇಯರ್‌ಫೋನ್ ತಗೊಂಡು ಹೋಗಿ.

6. ಊಟ

ಇಲ್ಲಿ ಮಧ್ಯಾಹ್ನದ ಊಟ 2ರಿಂದ 4. ನಾಲ್ಕರ ಮೇಲೆ ಅಡುಗೆಮನೆ ಮುಚ್ಚಿದ್ರೆ ರಾತ್ರಿ 8ರವರೆಗೆ ಬಿಸಿ ಊಟ ಸಿಗೋದು ಕಷ್ಟ. ಮೆನು ದೆಲ್ ದಿಯಾ ಅಂದ್ರೆ ಎರಡು ಬಗೆ ತಿಂಡಿ, ಬ್ರೆಡ್ಡು, ಡೆಸರ್ಟ್ ಸೇರಿಸಿ ಒಂದೇ ರೇಟಿಗೆ ಕೊಡೋ ಊಟ, ವೀಕೆಂಡಲ್ಲಿ ಅದರ ರೇಟ್ ಜಾಸ್ತಿ ಇರತ್ತೆ. ಸೊಕೊದೊವೆರ್ ಚೌಕ ಬಿಟ್ಟು ಒಳಗಿನ ಬೀದೀಗೆ ಹೋದ್ರೆ ಸ್ವಲ್ಪ ಅಗ್ಗ.

ವೆಜ್ ತಿನ್ನೋರು ಇದನ್ನ ಗಮನ ಇಟ್ಟು ಓದಿ. "ಸಿನ್ ಕಾರ್ನೆ" (ಮಾಂಸ ಬೇಡ) ಅಂದ್ರೆ ಎಷ್ಟೋ ಕಡೆ ಹಮೋನ್ (ಹಂದಿ ಮಾಂಸದ ತೆಳು ಹೋಳು) ಲೆಕ್ಕಕ್ಕೇ ಬರಲ್ಲ, ಹಾಗಾಗಿ "ನಿ ಹಮೋನ್, ನಿ ಪೆಸ್ಕಾದೊ, ನಿ ಅತೂನ್" (ಹಮೋನೂ ಬೇಡ, ಮೀನೂ ಬೇಡ, ಟ್ಯೂನಾನೂ ಬೇಡ) ಅಂತ ಸೇರಿಸಿ ಹೇಳಿ. ಎನ್ಸಲಾದಾ ಮಿಸ್ತಾ ಅನ್ನೋ ಸಲಾಡ್‌ನಲ್ಲಿ ಟ್ಯೂನಾ ಇರತ್ತೆ, ಕ್ರೊಕೆತಾದಲ್ಲಿ (ಕರಿದ ಉಂಡೆ) ಹಮೋನ್, ಮಿಗಾಸ್‌ನಲ್ಲಿ (ಹುರಿದ ಬ್ರೆಡ್ ಚೂರು) ಚೊರಿಸೊ ಅನ್ನೋ ಹಂದಿ ಸಾಸೇಜ್. ಊರಿನ ಫೇಮಸ್ ಕರ್ಕಮೂಸಾಸ್ ಹಂದಿ ಮಾಂಸದ ಗೊಜ್ಜು. ಧೈರ್ಯವಾಗಿ ಕೇಳ್ಬೋದಾದ್ದು ಪಿಸ್ತೊ ಮಂಚೇಗೊ, ಟೊಮ್ಯಾಟೊ ಕ್ಯಾಪ್ಸಿಕಂ ಸೋರೆಕಾಯಿ ಥರದ ಕಾಯಿ ಹಾಕಿ ಬೇಯಿಸಿದ ಪಲ್ಯ, ಮೇಲೆ ಮೊಟ್ಟೆ ಹಾಕ್ತಾರೆ, ಬೇಡ ಅಂದ್ರೆ "ಸಿನ್ ವೆಬೊ" ಅನ್ನಿ. ಮೊಟ್ಟೆ ತಿನ್ನೋರಿಗೆ ತೊರ್ತಿಯಾ ದೆ ಪತಾತಾಸ್ (ಆಲೂಗಡ್ಡೆ ಆಮ್ಲೆಟ್) ಎಲ್ಲಾ ಕಡೆ ಇದೆ, ಕುರಿ ಹಾಲಿನ ಮಂಚೇಗೊ ಚೀಸ್ ಬ್ರೆಡ್ ಜೊತೆ ಒಳ್ಳೇದು. ಭಾನುವಾರ ಸೂಪರ್‌ಮಾರ್ಕೆಟ್ ಮುಚ್ಚಿರೋ ಚಾನ್ಸ್ ಇದೆ, ಹಣ್ಣು ಬಿಸ್ಕತ್ತು ಶನಿವಾರವೇ ತಗೊಂಡಿಡಿ.

7. ಶನಿವಾರ ಮಧ್ಯಾಹ್ನ: ಯಹೂದಿ ಕೇರಿ

ಊರಿನ ಪಶ್ಚಿಮ ಭಾಗ, ಹುದೆರಿಯಾ ಅಂತಾರೆ. ನನಗೆ ಟೊಲೆಡೋದಲ್ಲಿ ಎಲ್ಲಕ್ಕಿಂತ ಇಷ್ಟವಾದ ಜಾಗ ಇದು, ಹಾಗಾಗಿ ಅವಸರ ಮಾಡಬೇಡಿ.

ಮೊದಲು ಎಲ್ ತ್ರಾನ್ಸಿತೊ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ), ಈಗ ಸೆಫಾರ್ದಿ (ಸ್ಪೇನ್ ಮೂಲದ ಯಹೂದಿಗಳ) ಮ್ಯೂಸಿಯಂ, ಶನಿವಾರ 2ರ ಮೇಲೆ ಫ್ರೀ. ರಾಜ ಮೊದಲನೇ ಪೆದ್ರೊನ ಖಜಾಂಚಿ ಆಗಿದ್ದ ಸಾಮ್ಯುಯೆಲ್ ಹಲೇವಿ 14ನೇ ಶತಮಾನದ ಮಧ್ಯದಲ್ಲಿ ಕಟ್ಟಿಸಿದ್ದು. ಒಳಗೆ ಹೋಗಿ ಗೋಡೆ ಮೇಲೆ ನೋಡಿ, ಗಾರೆಯಲ್ಲಿ ಕೆತ್ತಿದ ಹೀಬ್ರೂ ಬರಹ, ಅದರ ಜೊತೇಲೇ ಅರೇಬಿಕ್ ಅಕ್ಷರ, ಜೊತೆಗೆ ಕ್ರಿಶ್ಚಿಯನ್ ರಾಜನ ಲಾಂಛನ. ಕಟ್ಟಿಸಿದೋನು ಯಹೂದಿ, ಆಳ್ತಿದ್ದೋನು ಕ್ರಿಶ್ಚಿಯನ್, ಕೆಲಸದ ಶೈಲಿ ಮುದೇಹಾರ್, ಅಂದ್ರೆ ಕ್ರಿಶ್ಚಿಯನ್ ಆಳ್ವಿಕೆ ಕೆಳಗಿದ್ದ ಮುಸ್ಲಿಂ ಕುಶಲಕರ್ಮಿಗಳದ್ದು. ಮೇಲೆ ಹೆಂಗಸರು ಕೂರೋ ಗ್ಯಾಲರಿ ಇದೆ, ಅಲ್ಲೂ ಹತ್ತಿ. 1492ರಲ್ಲಿ ಯಹೂದಿಗಳನ್ನ ಸ್ಪೇನ್‌ನಿಂದ ಓಡಿಸಿದ ಮೇಲೆ ಇದು ಚರ್ಚ್ ಆಯ್ತು. ಹೊರಟುಹೋದವರ ಕಥೆಯನ್ನೇ ಮ್ಯೂಸಿಯಂ ಹೇಳೋದು, ಓದಿಕೊಂಡು ನೋಡಿ.

ಅಲ್ಲಿಂದ ಎರಡೇ ಹೆಜ್ಜೆ ಸಾಂತಾ ಮರಿಯಾ ಲಾ ಬ್ಲಾಂಕಾ. ಹೆಸರು ಚರ್ಚಿನದು, ಕಟ್ಟಿದ್ದು ಸಿನಗಾಗ್ ಅಂತ, ಒಳಗೆ ನಿಂತ್ರೆ ಬಿಳೀ ಕುದುರೆ ಲಾಳದ ಕಮಾನುಗಳ ಸಾಲು ನೋಡಿ ಮಸೀದಿ ಅನ್ಸತ್ತೆ. ಹೊರಗಿಂದ ಏನೂ ಕಾಣಲ್ಲ, ಗೇಟ್ ದಾಟಿ ಮುಂದೆ ಹೋಗ್ಬಿಡ್ತಾರೆ ಜನ.

ಇನ್ನೂ ಮುಂದಕ್ಕೆ ಸಾನ್ ಹುವಾನ್ ದೆ ಲೋಸ್ ರೆಯೆಸ್ ಮಠ. 15ನೇ ಶತಮಾನದಲ್ಲಿ ರಾಣಿ ಇಸಬೆಲ್ಲಾ, ರಾಜ ಫರ್ಡಿನಾಂಡ್ ತಮ್ಮ ಸಮಾಧಿಗೆ ಅಂತ ಕಟ್ಟಿಸಿದ್ದು, ಆಮೇಲೆ ಅರಬ್ಬರಿಂದ ಗ್ರನಾಡಾ ಊರು ಗೆದ್ದ ಮೇಲೆ ಮನಸ್ಸು ಬದಲಾಯಿಸಿ ಗ್ರನಾಡಾದಲ್ಲೇ ಮಣ್ಣಾದ್ರು. ಹೊರಗೋಡೆ ಮೇಲೆ ನೇತಾಡೋ ಕಬ್ಬಿಣದ ಸರಪಳಿಗಳನ್ನ ನೋಡಿ, ಗ್ರನಾಡಾ ಕಡೆ ಸೆರೆಯಲ್ಲಿದ್ದು ಬಿಡುಗಡೆ ಆದ ಕ್ರಿಶ್ಚಿಯನ್ನರದ್ದು. ಚಳಿಗಾಲದಲ್ಲಿ ಇವೆಲ್ಲಾ ಬೇಗ ಮುಚ್ತಾರೆ, ಟೈಮ್ ಸಾಲದಿದ್ರೆ ಇದನ್ನ ಭಾನುವಾರಕ್ಕೆ ಇಟ್ಕೊಳ್ಳಿ.

8. ಸಂಜೆ ಮತ್ತೆ ರಾತ್ರಿ

ಸೂರ್ಯಾಸ್ತಕ್ಕೆ ಒಂದು ಗಂಟೆ ಮುಂಚೆ ಸಾನ್ ಮಾರ್ತಿನ್ ಸೇತುವೆ ದಾಟಿ ನದಿಯಾಚೆ ರೋಡ್ ಹಿಡ್ಕೊಂಡು ಮಿರಾದೋರ್ ದೆಲ್ ವಾಯೆ (ಕಣಿವೆಯ ನೋಟದ ಕಟ್ಟೆ) ಕಡೆ ನಡೀರಿ. ಅಲ್ಲಿಂದ ಇಡೀ ಊರು ಒಂದೇ ಚಿತ್ರದಲ್ಲಿ ಸಿಗತ್ತೆ. ಏರು ರಸ್ತೆ, ಅರ್ಧ ಮುಕ್ಕಾಲು ಗಂಟೆ ಬೇಕು, ಫುಟ್‌ಪಾತ್ ಎಲ್ಲಾ ಕಡೆ ಚೆನ್ನಾಗಿಲ್ಲ, ವಾಪಸ್ ಬರೋವಾಗ ಕತ್ತಲಾಗಿರತ್ತೆ, ಒಬ್ಬರೇ ಇದ್ರೆ ಸಿಟಿ ಬಸ್ಸಲ್ಲಿ ಬನ್ನಿ, ಕೊನೆ ಬಸ್ ಎಷ್ಟೊತ್ತಿಗೆ ಅಂತ ಮುಂಚೆನೇ ನೋಡ್ಕೊಳ್ಳಿ. ಅಷ್ಟು ನಡೆಯೋಕೆ ಆಗಲ್ಲ ಅಂದ್ರೆ ಸಾನ್ ಮಾರ್ತಿನ್ ಸೇತುವೆ ಮೇಲೇ ನಿಂತು ನೋಡಿ, ಅದೂ ಕಮ್ಮಿ ಇಲ್ಲ.

ಮ್ಯಾಡ್ರಿಡ್‌ಗೆ ಕೊನೆ ಟ್ರೈನ್ ಒಂಬತ್ತೂವರೆ ಸುಮಾರಿಗೆ. ಅದು ಹೋದ ಮೇಲೆ ಊಟ ಮುಗಿಸಿ ಕ್ಯಾಥೆಡ್ರಲ್ ಸುತ್ತ ಒಂದು ರೌಂಡ್ ಹಾಕಿ. ಇದಕ್ಕೇ ನಾನು ಉಳ್ಕೊಳ್ಳಿ ಅಂದಿದ್ದು.

9. ಭಾನುವಾರ ಬೆಳಗ್ಗೆ

ಸಾಂತೊ ತೊಮೆ ಚರ್ಚ್ ಬಾಗಿಲು ತೆಗೆಯೋ ಹೊತ್ತಿಗೇ ಅಲ್ಲಿರಿ, ಟೂರ್ ಗುಂಪುಗಳು ಬರೋ ಮುಂಚೆ. ಎಲ್ ಗ್ರೆಕೋ 1586-88ರಲ್ಲಿ ಬರೆದ ಓರ್ಗಾಸ್ ದೊರೆಯ ಅಂತ್ಯಕ್ರಿಯೆ ಚಿತ್ರ ಅದಕ್ಕೇ ಅಂತ ಗೊತ್ತು ಮಾಡಿದ ಜಾಗದಲ್ಲೇ ಇವತ್ತಿಗೂ ಇದೆ. ಮ್ಯೂಸಿಯಂಗೆ ಹೋಗಿಲ್ಲ. ಕೆಳಗಡೆ ಭೂಮಿ, ಮೇಲ್ಗಡೆ ಸ್ವರ್ಗ, ಮುಂದೆ ನಿಂತು ಕೈ ತೋರಿಸೋ ಪುಟ್ಟ ಹುಡುಗ ಅವನ ಮಗ ಹೋರ್ಹೆ ಮಾನ್ವೆಲ್. ಫೋಟೋ ತೆಗೆಯೋಕೆ ಬಿಡಲ್ಲ.

ಹತ್ತಿರದ ಎಲ್ ಗ್ರೆಕೋ ಮ್ಯೂಸಿಯಂ ಭಾನುವಾರ ಫ್ರೀ, ಆದ್ರೆ ಅದು ಅವನು ಇದ್ದ ಮನೆ ಅಲ್ಲ, 20ನೇ ಶತಮಾನದ ಶುರುವಲ್ಲಿ ಆ ಕಾಲದ ಮನೆ ಥರ ಮಾಡಿಟ್ಟಿರೋದು. ಚಿತ್ರಗಳು ಮಾತ್ರ ಅಸಲಿ, ಅಪೊಸ್ತಲರ (ಏಸುವಿನ ಶಿಷ್ಯರು) ಸಾಲು ನೋಡೋಕಾದ್ರೂ ಹೋಗಿ. ಸರ್ಕಾರಿ ಮ್ಯೂಸಿಯಂಗಳು ಭಾನುವಾರ ಮಧ್ಯಾಹ್ನ 3ಕ್ಕೇ ಮುಚ್ತವೆ, ಊಟ ಮಾಡ್ಕೊಂಡು ಹೋಗೋಣ ಅಂದ್ರೆ ಸಿಗಲ್ಲ.

ಆಮೇಲೆ ಉತ್ತರ ಕಡೆ ಕ್ರಿಸ್ತೊ ದೆ ಲಾ ಲುಸ್. ಕ್ರಿ.ಶ. 999ರ ಪುಟ್ಟ ಮಸೀದಿ, ಕಟ್ಟಿದ ವರ್ಷ ಇಟ್ಟಿಗೇಲಿ ಜೋಡಿಸಿದ ಅರೇಬಿಕ್ ಬರಹದಲ್ಲೇ ಮುಂಭಾಗದ ಮೇಲಿದೆ. ಒಳಗೆ ತಲೆ ಎತ್ತಿದ್ರೆ ಒಂಬತ್ತು ಪುಟ್ಟ ಗುಮ್ಮಟ, ಒಂದರ ಥರ ಇನ್ನೊಂದಿಲ್ಲ. 1085ರಲ್ಲಿ ಆರನೇ ಅಲ್ಫೊನ್ಸೊ ಊರು ಗೆದ್ದ ಮೇಲೆ, ಮುಂದಿನ ಶತಮಾನದಲ್ಲಿ ಹಿಂದಕ್ಕೆ ಚರ್ಚಿನ ಭಾಗ ಅಂಟಿಸಿದ್ರು, ಆದ್ರೆ ಅದನ್ನೂ ಅದೇ ಇಟ್ಟಿಗೆ ಶೈಲೀಲೇ ಕಟ್ಟಿದ್ರು. ಇದನ್ನ ಬಿಟ್ಟು ಬರಬೇಡಿ, ಹದಿನೈದು ನಿಮಿಷ ಸಾಕು.

ಅಲ್ಕಾಸರ್ ಕೋಟೆಯಲ್ಲಿ ಸೈನ್ಯದ ಮ್ಯೂಸಿಯಂ ಇದೆ, ಭಾನುವಾರ ಫ್ರೀ. ಯುದ್ಧ, ಆಯುಧ ಅಂದ್ರೆ ಆಸಕ್ತಿ ಇರೋರಿಗೆ ಅರ್ಧ ದಿನ ಬೇಕು, ಇಲ್ಲದವರು ಬಿಡಬೋದು. ಅದರ ಬದಲು ಜೆಸುಯಿಟರ ಚರ್ಚಿನ ಗೋಪುರ ಹತ್ತಿ, ಪುಲ್ಸೇರಾದಲ್ಲೇ ಬರತ್ತೆ, ಹೆಂಚಿನ ಮಾಡುಗಳ ಮೇಲೆ ಕ್ಯಾಥೆಡ್ರಲ್ ಎದುರಿಗೇ ಕಾಣತ್ತೆ.

10. ಮನೆಗೆ ಏನು ತರೋದು

ಮಸಪಾನ್. ಬಾದಾಮಿ, ಸಕ್ಕರೆ, ಅಷ್ಟೇ, ಕೆಲವು ಮಠದ ಸನ್ಯಾಸಿನಿಯರೂ ಮಾಡಿ ಮಾರ್ತಾರೆ. ಮೊಟ್ಟೆ ತಿನ್ನದವರು "ಯೆವಾ ವೆಬೊ?" (ಮೊಟ್ಟೆ ಇದೆಯಾ) ಅಂತ ಕೇಳಿ, ಕೆಲವಕ್ಕೆ ಹಳದಿ ತುಂಬಿರ್ತಾರೆ, ಮೇಲೆ ಸವರಿರ್ತಾರೆ.

ದಮಾಸ್ಕಿನಾದೊ ಅಂದ್ರೆ ಕಪ್ಪು ಉಕ್ಕಿನೊಳಗೆ ಚಿನ್ನದ ತಂತಿ ಕೂರಿಸೋ ಕೆಲಸ, ನಮ್ಮ ಬೀದರಿನ ಬಿದ್ರಿ ಕೆಲಸ ನೋಡಿದವರಿಗೆ ನೋಡಿದ ತಕ್ಷಣ ಗುರುತು ಸಿಗತ್ತೆ. ಅಂಗಡೀಲಿರೋ ಎಷ್ಟೋ ಮಾಲು ಮೆಷಿನ್‌ನಲ್ಲಿ ಅಚ್ಚು ಹಾಕಿದ್ದು, "ಎಚೊ ಅ ಮಾನೊ?" (ಕೈಯಲ್ಲಿ ಮಾಡಿದ್ದಾ) ಅಂತ ಕೇಳಿ, ಕಾರಿಗರು ಅಲ್ಲೇ ಕೂತು ಮಾಡೋ ಅಂಗಡೀಲಿ ತಗೊಳ್ಳಿ, ಸಣ್ಣದಾದ್ರೂ ಪರವಾಗಿಲ್ಲ. ಕತ್ತಿ ಮಾತ್ರ ತಗೋಬೇಡಿ, ಊರಿಗೆ ಹೋಗೋವಾಗ ಫ್ಲೈಟ್‌ನ ಕೈಬ್ಯಾಗಲ್ಲಿ ಬಿಡಲ್ಲ, ಅತೋಚಾ ಕಡೆ ಟ್ರೈನ್ ಹತ್ತೋವಾಗ್ಲೂ ಸ್ಕ್ಯಾನರ್ ಇದೆ.

11. ವಾಪಸ್

ಭಾನುವಾರ ಸಂಜೆ ಟ್ರೈನ್ ಇದ್ರೆ ಅರ್ಧ ಗಂಟೆ ಮುಂಚೆ ಸ್ಟೇಷನ್ ಸೇರಿ. ಇದು 20ನೇ ಶತಮಾನದ್ದು, ಆದ್ರೂ ಹಳೇ ಮುದೇಹಾರ್ ಶೈಲೀನೇ ಹಿಡಿದು ಕಟ್ಟಿದ್ದು, ಮರದ ಛಾವಣಿ, ಬಣ್ಣದ ಗಾಜು, ಹೆಂಚಿನ ಗೋಡೆ, ಎರಡು ದಿನ ನೀವು ನೋಡಿದ ಕಮಾನುಗಳೇ ಇಲ್ಲಿ ಟಿಕೆಟ್ ಕಿಟಕಿ ಮೇಲೆ ಸಿಗ್ತವೆ. ಬಸ್ಸಿಗೆ ಹೋಗೋರು ಇನ್ನೂ ಬೇಗ ಹೋಗಿ ಸಾಲಲ್ಲಿ ನಿಲ್ಲಿ, ಭಾನುವಾರ ಸಂಜೆ ಮ್ಯಾಡ್ರಿಡ್ ಕಡೆಗೆ ವಾಪಸ್ ಹೋಗೋ ಸ್ಟೂಡೆಂಟ್ಸ್ ತುಂಬಾ ಇರ್ತಾರೆ, ಒಂದು ಬಸ್ ತುಂಬಿದ್ರೆ ಮುಂದಿನದಕ್ಕೆ ಕಾಯಬೇಕಾಗತ್ತೆ. ಕ್ಲಾಸ್ ಇಲ್ಲ ಅಂತ ಸೋಮವಾರಕ್ಕೆ ಮುಂದೂಡೋ ಪ್ಲಾನ್ ಇದ್ರೆ ಬಿಟ್ಬಿಡಿ, ಸೆಫಾರ್ದಿ ಮತ್ತೆ ಎಲ್ ಗ್ರೆಕೋ ಮ್ಯೂಸಿಯಂಗಳಿಗೆ ಸೋಮವಾರ ರಜೆ.